ಲೇಸರ್ ಬೆಳಕು ಮತ್ತು ಮುರಿದ ಎಲುಬು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ನಮ್ಮ ಎಲುಬು-ಕೀಲು ವಿಭಾಗಕ್ಕೆ ದಿನಾಲು ರೋಗಿಗಳು ಬರುತ್ತಾರೆ. ಮೋಟಾರ್ ಸೈಕಲ್ಲಿನಿಂದ ಬಿದ್ದವರು, ಕಬ್ಬಿನ ಟ್ರ್ಯಾಕ್ಟರಿನಿಂದ ಜಾರಿದವರು, ಗಿಡ ಹತ್ತಿ ಬಿದ್ದ ಹುಡುಗರು, ಬಚ್ಚಲದಲ್ಲಿ ಕಾಲು ಜಾರಿದ ವಯಸ್ಸಾದ ತಾಯಂದಿರು. ಇತ್ತೀಚೆಗೆ ಇವರಲ್ಲಿ ಅನೇಕರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಿದ್ದಾರೆ: “ಸಾಹೇಬ್ರ, ಲೇಸರ್ ಲೈಟ್ ಹಿಡಿದ್ರ ಎಲುಬು ಲಗೂನ ಕೂಡತೈತಂತ, ಖರೇನ್ರೀ?”

ಪ್ರಶ್ನೆ ಒಳ್ಳೆಯದು. “ಹೌದು” ಎಂದರೂ “ಇಲ್ಲ” ಎಂದರೂ ಅದಕ್ಕೆ ಪೂರ್ತಿ ಉತ್ತರವಾಗುವುದಿಲ್ಲ. ಹೊರರೋಗಿ ವಿಭಾಗದ ಗದ್ದಲದಲ್ಲಿ ವೈದ್ಯರಿಗೆ ವಿವರವಾಗಿ ಹೇಳಲು ಸಮಯ ಸಾಲದು. ಆದ್ದರಿಂದ ಇಲ್ಲಿ ಬರೆದು ಕೊಡುತ್ತಿದ್ದೇವೆ. ಓದಲು ಬಾರದವರಿಗೆ ಜೊತೆಯಲ್ಲಿದ್ದವರು ಓದಿ ಹೇಳಬೇಕಾಗಿ ವಿನಂತಿ.

ಎಲುಬು ಜೀವವಿರುವ ವಸ್ತು

ಎಲುಬು ಎಂದರೆ ಕಲ್ಲಿನಂಥ ನಿರ್ಜೀವ ಪದಾರ್ಥವೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಎಲುಬಿನಲ್ಲಿ ರಕ್ತ ಹರಿಯುತ್ತದೆ, ಅದರಲ್ಲಿ ಜೀವಕೋಶಗಳಿವೆ, ಹಗಲು ರಾತ್ರಿ ಅಲ್ಲಿ ಕೆಲಸ ನಡೆದಿರುತ್ತದೆ. ಒಂದು ಬಗೆಯ ಕೋಶಗಳು ಹಳೆಯ ಎಲುಬನ್ನು ಕರಗಿಸುತ್ತವೆ. ಅವುಗಳಿಗೆ ಆಸ್ಟಿಯೋಕ್ಲಾಸ್ಟ್ ಎಂದು ಹೆಸರು. ಇನ್ನೊಂದು ಬಗೆಯವು ಹೊಸ ಎಲುಬನ್ನು ಕಟ್ಟುತ್ತವೆ. ಅವು ಆಸ್ಟಿಯೋಬ್ಲಾಸ್ಟ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯವು ಹಳೆ ಗೋಡೆ ಕೆಡವುವ ಆಳುಗಳು, ಎರಡನೆಯವು ಹೊಸ ಗೋಡೆ ಕಟ್ಟುವ ಗೌಂಡಿಗಳು.

ಎಲುಬು ಮುರಿದಾಗ ಮೊದಲು ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬಾವು ಬರುತ್ತದೆ, ನೋವಾಗುತ್ತದೆ. ಈ ಬಾವು ಶತ್ರುವಲ್ಲ, ದುರಸ್ತಿಯ ಮೊದಲ ಹಂತವೇ ಅದು. ಎರಡು-ಮೂರು ವಾರಗಳಲ್ಲಿ ಮುರಿದ ತುದಿಗಳ ನಡುವೆ ಮೆತ್ತನೆಯ ಗಂಟು ಕಟ್ಟುತ್ತದೆ. ಇದನ್ನು ವೈದ್ಯರು ‘ಕ್ಯಾಲಸ್’ ಎನ್ನುತ್ತಾರೆ. ಗೌಂಡಿ ಕೋಶಗಳು ಅದರಲ್ಲಿ ಕ್ಯಾಲ್ಸಿಯಂ ಮತ್ತು ರಂಜಕದ ಲವಣ ತುಂಬಿ ಗಟ್ಟಿ ಮಾಡುತ್ತವೆ. ಮುಂದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೇಲ್ಪಟ್ಟು, ಕೆಡವುವ ಕೋಶಗಳು ಹೆಚ್ಚಾದುದನ್ನು ಕೆತ್ತಿ ಎಲುಬಿಗೆ ಮೊದಲಿನ ಆಕಾರ ತರುತ್ತವೆ.

ಚಿಕ್ಕ ಮಕ್ಕಳ ಮುಂಗೈ ಎಲುಬು 4 ರಿಂದ 6 ವಾರಗಳಲ್ಲಿ ಕೂಡುತ್ತದೆ. ದೊಡ್ಡವರ ಮಣಿಕಟ್ಟಿಗೆ ಸುಮಾರು 6 ವಾರ ಬೇಕು. ಮೊಣಕಾಲ ಕೆಳಗಿನ ದೊಡ್ಡ ಎಲುಬಿಗೆ 3-4 ತಿಂಗಳು, ತೊಡೆಯ ಎಲುಬಿಗೆ 3 ರಿಂದ 6 ತಿಂಗಳು. ದುಡಿದು ಉಣ್ಣುವವನಿಗೆ ಇದು ದೊಡ್ಡ ಅವಧಿ. ಬಿತ್ತನೆಯ ಕಾಲಕ್ಕೋ ಕಬ್ಬು ಕಡಿಯುವ ಕಾಲಕ್ಕೋ ಕಾಲು ಮುರಿದರೆ ಮನೆಯ ಒಂದು ವರ್ಷದ ಲೆಕ್ಕವೇ ಏರುಪೇರಾಗುತ್ತದೆ. ಹೀಗಿರುವಾಗ “ಹತ್ತು ದಿನ ಬೆಳಕು ಹಿಡಿಸಿಕೊಂಡರೆ ಅರ್ಧ ದಿನದಾಗ ಕೂಡತೈತಿ” ಎಂದು ಯಾರಾದರೂ ಹೇಳಿದರೆ ಆಸೆ ಹುಟ್ಟುವುದು ಸಹಜ.

ಈ ಬೆಳಕಿನ ಕಥೆ

ಲೇಸರ್ ಎಂದರೆ ಒಂದೇ ಬಣ್ಣದ, ಒಂದೇ ದಿಕ್ಕಿನಲ್ಲಿ ಸಾಗುವ ಬಿಗಿಯಾದ ಬೆಳಕು. ಮೊದಲ ಲೇಸರನ್ನು ಅಮೆರಿಕದ ಥಿಯೋಡರ್ ಮೈಮನ್ 1960ರ ಮೇ 16ರಂದು ಮಾಣಿಕ್ಯದ ಹರಳಿನಿಂದ ಬೆಳಗಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ಮಾಂಸ ಕತ್ತರಿಸಲು ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಕಂಡುಹಿಡಿದವರು ಕುಮಾರ್ ಪಟೇಲ್. ಅವರು ಹುಟ್ಟಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಎಂಬುದು ಈ ಭಾಗದ ಜನರಿಗೆ ಸಂತೋಷದ ಸಂಗತಿ.

ಆದರೆ ಎಲುಬಿಗೆ ಹಿಡಿಯುವ ಲೇಸರ್ ಅಂಥದ್ದಲ್ಲ. ಅದು ಕತ್ತರಿಸುವುದಿಲ್ಲ, ಸುಡುವುದಿಲ್ಲ, ಬಿಸಿ ಕೂಡ ಅಷ್ಟಾಗಿ ತಾಗುವುದಿಲ್ಲ. ಶಸ್ತ್ರಚಿಕಿತ್ಸೆಯ ಲೇಸರಿನ ಶಕ್ತಿಯನ್ನು ವ್ಯಾಟ್‌ಗಳಲ್ಲಿ ಎಣಿಸಿದರೆ, ಇದರದ್ದನ್ನು ಸಾಮಾನ್ಯವಾಗಿ ಮಿಲಿವ್ಯಾಟ್‌ಗಳಲ್ಲಿ, ಅಂದರೆ ವ್ಯಾಟಿನ ಸಾವಿರದ ಪಾಲಿನಲ್ಲಿ ಎಣಿಸುತ್ತಾರೆ. ಆದ್ದರಿಂದ ಇದಕ್ಕೆ ‘ಕಡಿಮೆ ಶಕ್ತಿಯ ಲೇಸರ್ ಚಿಕಿತ್ಸೆ’ ಎಂಬ ಹೆಸರು. 2014ರ ಸುಮಾರಿಗೆ ತಜ್ಞರು ಇದಕ್ಕೆ ‘ಫೋಟೋಬಯೋಮಾಡ್ಯುಲೇಶನ್’ ಎಂಬ ಹೊಸ ಹೆಸರು ಕೊಟ್ಟರು. ಬೋರ್ಡಿನ ಮೇಲೆ ಯಾವ ಹೆಸರಿದ್ದರೂ ವಿಷಯ ಒಂದೇ.

ಇದು ಗೊತ್ತಾದದ್ದು ಆಕಸ್ಮಿಕವಾಗಿ. ಹಂಗೇರಿ ದೇಶದ ಬುಡಾಪೆಸ್ಟಿನಲ್ಲಿ ಎಂಡ್ರೆ ಮೆಸ್ಟರ್ ಎಂಬ ಶಸ್ತ್ರವೈದ್ಯರಿದ್ದರು. 1967ರಲ್ಲಿ ಅವರು ಲೇಸರಿನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ಪರೀಕ್ಷಿಸಲು ಇಲಿಗಳ ಬೆನ್ನಿನ ಕೂದಲು ಬೋಳಿಸಿ ಬೆಳಕು ಹಿಡಿದರು. ಕ್ಯಾನ್ಸರ್ ಬರಲಿಲ್ಲ. ಬದಲಿಗೆ ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗ ಬೆಳೆಯಿತು! ಮುಂದೆ ಅವರು ಬಹುಕಾಲ ಮಾಯದ ಹುಣ್ಣುಗಳ ಮೇಲೂ ಇದನ್ನು ಪ್ರಯೋಗಿಸಿದರು. ಅಲ್ಲಿಂದ ಈ ವಿದ್ಯೆ ಚರ್ಮಕ್ಕೆ, ನರಕ್ಕೆ, ಕೀಲಿಗೆ, ಕೊನೆಗೆ ಎಲುಬಿಗೆ ಬಂತು.

ಕೋಶದೊಳಗೆ ಏನಾಗುತ್ತದೆ?

ನಮ್ಮ ಬಹುತೇಕ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾ ಎಂಬ ಸಣ್ಣ ಸಣ್ಣ ಒಲೆಗಳಿವೆ. ನಾವು ಉಂಡ ಅನ್ನ-ರೊಟ್ಟಿ ಕೊನೆಗೆ ಅಲ್ಲಿ ಉರಿದು, ಕೋಶಕ್ಕೆ ಬೇಕಾದ ಎ.ಟಿ.ಪಿ. ಎಂಬ ಇಂಧನವಾಗುತ್ತದೆ. ಆ ಒಲೆಯಲ್ಲಿ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಒಂದು ಕಿಣ್ವ ಇದೆ. ಅದು ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಬೆಳಕನ್ನೂ ಹೀರಿಕೊಳ್ಳುತ್ತದೆ. ಬೆಳಕು ಬಿದ್ದಾಗ ಕಿಣ್ವದ ಕೆಲಸ ಚುರುಕಾಗಿ ಇಂಧನ ಹೆಚ್ಚು ತಯಾರಾಗುತ್ತದೆ, ಕೋಶ ವಿಭಜನೆಗೆ ಸಿದ್ಧವಾಗುತ್ತದೆ ಎಂಬುದು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ. ರಷ್ಯಾದ ಟೀನಾ ಕಾರು ಎಂಬ ಮಹಿಳಾ ವಿಜ್ಞಾನಿ ಈ ದಿಕ್ಕಿನಲ್ಲಿ ಬಹಳ ಕೆಲಸ ಮಾಡಿದ್ದಾರೆ.

ಎಲುಬಿನ ಕೋಶಗಳ ಮಾತಿಗೆ ಬಂದರೆ, 1998ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಅವರು ಇಲಿಮರಿಯ ತಲೆಬುರುಡೆಯಿಂದ ಗೌಂಡಿ ಕೋಶಗಳನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. 830 ನ್ಯಾನೋಮೀಟರಿನ ಅವಕೆಂಪು ಲೇಸರ್ ಹಿಡಿದಾಗ ಕೋಶಗಳ ಸಂಖ್ಯೆ ಹೆಚ್ಚಿತು, ಎಲುಬಿನ ಸಣ್ಣ ಗಂಟುಗಳೂ ಹೆಚ್ಚಾಗಿ ಕಟ್ಟಿದವು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಕೋಶಗಳು ಇನ್ನೂ ಎಳೆಯವಿದ್ದಾಗ ಬೆಳಕು ಹಿಡಿದರೆ ಮಾತ್ರ ಈ ಪರಿಣಾಮ ಚೆನ್ನಾಗಿ ಕಂಡಿತು. ಬೆಳೆದು ನಿಂತ ಕೋಶಗಳ ಮೇಲೆ ಅಷ್ಟು ಕಾಣಲಿಲ್ಲ.

ಇನ್ನೊಂದು ಮಾತು ಪ್ರಮಾಣದ್ದು. ಜೋಳಕ್ಕೆ ಹದವಾಗಿ ನೀರು ಕೊಟ್ಟರೆ ಬೆಳೆಯುತ್ತದೆ, ನೀರು ನಿಂತರೆ ಹಳದಿಯಾಗುತ್ತದೆ. ಈ ಬೆಳಕೂ ಹಾಗೆಯೇ. ತೀರ ಕಡಿಮೆಯಾದರೆ ಏನೂ ಆಗುವುದಿಲ್ಲ, ಹದವಾದರೆ ಕೋಶ ಚುರುಕಾಗುತ್ತದೆ, ಹೆಚ್ಚಾದರೆ ಕೋಶದ ಬೆಳವಣಿಗೆ ಕುಂಠಿತವಾಗುತ್ತದೆ. ಪ್ರಯೋಗಶಾಲೆಗಳಲ್ಲಿ ಇದು ಮತ್ತೆ ಮತ್ತೆ ಕಂಡ ವಿಷಯ. “ಹತ್ತು ನಿಮಿಷ ಬದಲು ಅರ್ಧ ತಾಸು ಹಿಡೀರಿ, ರೊಕ್ಕ ಕೊಡ್ತೀನಿ” ಎಂದು ಹಟ ಮಾಡುವವರು ಇದನ್ನು ನೆನಪಿಡಬೇಕು.

ತಟ್ಟೆಯಲ್ಲಿ ಬೆಳೆದದ್ದು ಕಾಲಿನಲ್ಲಿ ಬೆಳೆಯುತ್ತದೆಯೇ?

ವಿಷಯ ಗಂಟು ಬೀಳುವುದು ಇಲ್ಲಿಯೇ. ಬಟ್ಟಲಲ್ಲಿ ಮೊಳಕೆಯೊಡೆದ ಹೆಸರುಕಾಳು ಹೊಲದಲ್ಲಿಯೂ ಅದೇ ಇಳುವರಿ ಕೊಡುತ್ತದೆ ಎಂದು ಯಾವ ರೈತನೂ ಹೇಳುವುದಿಲ್ಲ.

ಇಲಿಯ ಕಾಲು ಎಷ್ಟು ದಪ್ಪ? ನಮ್ಮ ಕಿರುಬೆರಳಿನಷ್ಟು. ಬೆಳಕು ಸುಲಭವಾಗಿ ಎಲುಬಿಗೆ ಮುಟ್ಟುತ್ತದೆ. 1987ರಷ್ಟು ಹಿಂದೆಯೇ ಸ್ಪೇನ್ ದೇಶದಲ್ಲಿ ಇಲಿಗಳ ಮುರಿದ ಕಾಲಿಗೆ ಲೇಸರ್ ಹಿಡಿದು ಬೇಗ ಕೂಡಿತೆಂದು ವರದಿ ಮಾಡಿದ್ದರು. ಮನುಷ್ಯನ ತೊಡೆಯ ಎಲುಬಾದರೋ ಚರ್ಮ, ಕೊಬ್ಬು, ದಪ್ಪನೆಯ ಮಾಂಸಖಂಡಗಳ ಅಡಿಯಲ್ಲಿದೆ. ಕೆಂಪು ಬೆಳಕಿನ ಬಹುಪಾಲು ಮೇಲಿನ ಕೆಲವೇ ಮಿಲಿಮೀಟರುಗಳಲ್ಲಿ ಚದುರಿ ಹೀರಿಹೋಗುತ್ತದೆ. ಅವಕೆಂಪು ಬೆಳಕು ಅದಕ್ಕಿಂತ ಆಳಕ್ಕೆ ಹೋಗುತ್ತದೆ, ಆದರೂ ಆಳ ಹೆಚ್ಚಿದಂತೆ ಉಳಿಯುವುದು ಬಹಳ ಕಡಿಮೆ. ಬೆರಳು, ಮಣಿಕಟ್ಟು, ಮುಂಗಾಲಿನ ಎಲುಬು, ದವಡೆ ಇವು ಚರ್ಮಕ್ಕೆ ಹತ್ತಿರ. ಈ ಬೆಳಕನ್ನು ಎಲುಬಿಗಾಗಿ ದಂತವೈದ್ಯರು ಹೆಚ್ಚು ಪ್ರಯೋಗಿಸಿರುವುದಕ್ಕೆ ಇದೂ ಒಂದು ಕಾರಣ. ಹಲ್ಲು ಕಿತ್ತ ಗುಣಿ ತುಂಬಲು, ಕೃತಕ ಹಲ್ಲಿನ ಸ್ಕ್ರೂ ದವಡೆಯಲ್ಲಿ ಕೂರಲು ಅದನ್ನು ಬಳಸಿ ನೋಡಿದ್ದಾರೆ.

ಪ್ಲಾಸ್ಟರ್ ಪಟ್ಟಿಯ ಮೇಲಿಂದ ಲೇಸರ್ ಹಿಡಿದರೆ ಏನೂ ಪ್ರಯೋಜನವಿಲ್ಲ. ಬೆಳಕು ಪಟ್ಟಿಯಲ್ಲೇ ನಿಲ್ಲುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಸಿಂದಗಿ ಕಡೆಯ ಒಬ್ಬ ಯುವಕ ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡು ಹೋದವನು ಐದನೆಯ ವಾರದಲ್ಲಿ ಬಂದ. ಕಾಲು ಬಿಲ್ಲಿನಂತೆ ಬಾಗಿತ್ತು. ಕೇಳಿದರೆ, ಒಂದು ಊರಿನಲ್ಲಿ ಬೆಳಕಿನ ಚಿಕಿತ್ಸೆ ಕೊಡುತ್ತಾರೆಂದು ಕೇಳಿ, ಬೆಳಕು ಒಳಗೆ ಹೋಗಲೆಂದು ಮೂರನೆಯ ವಾರಕ್ಕೇ ಪ್ಲಾಸ್ಟರ್ ಒಡೆಸಿದ್ದನಂತೆ. ಹತ್ತು ದಿನ ಬೆಳಕು ಹಿಡಿಸಿದ. ನೋವು ಕಡಿಮೆಯಾಯಿತು. ನೋವಿಲ್ಲವೆಂದು ಊರಿಕೊಂಡು ನಡೆದ. ಇನ್ನೂ ಮೆತ್ತಗಿದ್ದ ಗಂಟು ಭಾರಕ್ಕೆ ಬಾಗಿತು. ಕೊನೆಗೆ ಶಸ್ತ್ರಚಿಕಿತ್ಸೆ ಮಾಡಿ ರಾಡು ಹಾಕಬೇಕಾಯಿತು. “ನೋವು ಹೋದ ಮ್ಯಾಲೆ ಕೂಡಿರಬೇಕಂತ ತಿಳದೆರಿ” ಎಂದು ಅವನು ಹೇಳಿದ ಮಾತು ನಮಗೆ ಇನ್ನೂ ನೆನಪಿದೆ. ಅವನ ತಪ್ಪೆಂದು ಹೇಳುವುದಕ್ಕಿಂತ, ನೋವು ಹೋಗುವುದು ಬೇರೆ, ಎಲುಬು ಕೂಡುವುದು ಬೇರೆ ಎಂದು ನಾವೇ ಮೊದಲ ದಿನ ಸರಿಯಾಗಿ ಹೇಳಬೇಕಿತ್ತು.

ಹಾಗಾದರೆ ಮನುಷ್ಯರ ಮೇಲಿನ ಅಧ್ಯಯನಗಳು ಏನು ಹೇಳುತ್ತವೆ? ತೈವಾನ್ ದೇಶದಲ್ಲಿ ಕೈ ಮತ್ತು ಮಣಿಕಟ್ಟಿನ ಮುರಿತವಿದ್ದ 50 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೇಸರ್ ಪಡೆದವರಿಗೆ ನೋವು ಕಡಿಮೆಯಾಗಿ, ಕೈಯ ಹಿಡಿತ ಸುಧಾರಿಸಿತು. ಇದು ಒಳ್ಳೆಯ ಸುದ್ದಿಯೇ. ಆದರೆ ಐವತ್ತು ಜನರ, ಅದೂ ಚರ್ಮಕ್ಕೆ ಹತ್ತಿರದ ಸಣ್ಣ ಎಲುಬುಗಳ ಅಧ್ಯಯನವನ್ನು ನಂಬಿ ತೊಡೆಯ ಎಲುಬಿಗೆ ಮಾತು ಕೊಡಲಾಗದು. ಮುರಿದ ಎಲುಬಿಗೆ ಲೇಸರನ್ನು ಪ್ರಮುಖ ಚಿಕಿತ್ಸೆಯಾಗಿ ಶಿಫಾರಸು ಮಾಡುವಷ್ಟು ಗಟ್ಟಿಯಾದ ಆಧಾರ ಇನ್ನೂ ಇಲ್ಲ.

ಎಚ್ಚರಿಕೆಗೆ ಇನ್ನೊಂದು ಯಂತ್ರದ ಕಥೆ ಹೇಳಬೇಕು. ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ, ಅಂದರೆ ಅಲ್ಟ್ರಾಸೌಂಡಿನಿಂದ, ಎಲುಬು ಬೇಗ ಕೂಡಿಸುವ ಯಂತ್ರವಿದೆ. ಅದಕ್ಕೂ ಮೊದಲು ಪ್ರಾಣಿಗಳಲ್ಲಿ, ಆಮೇಲೆ ಸಣ್ಣ ಅಧ್ಯಯನಗಳಲ್ಲಿ ಒಳ್ಳೆಯ ಫಲಿತಾಂಶ ಬಂದಿತ್ತು. 1994ರಲ್ಲಿ ಅಮೆರಿಕದ ಸರಕಾರ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಇಪ್ಪತ್ತು ವರ್ಷ ಸಾವಿರಾರು ಜನ ದುಡ್ಡು ಕೊಟ್ಟು ಬಳಸಿದರು. 2016ರಲ್ಲಿ ಮುಂಗಾಲಿನ ಎಲುಬು ಮುರಿದು ರಾಡು ಹಾಕಿಸಿಕೊಂಡ 501 ರೋಗಿಗಳ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಅರ್ಧ ಜನರಿಗೆ ನಿಜವಾದ ಯಂತ್ರ, ಉಳಿದರ್ಧಕ್ಕೆ ನೋಡಲು ಹಾಗೆಯೇ ಇದ್ದು ಅಲೆ ಬಿಡದ ಯಂತ್ರ. ಯಾರಿಗೆ ಯಾವುದು ಎಂದು ರೋಗಿಗೂ ತಿಳಿಸಿರಲಿಲ್ಲ. ಎಲುಬು ಕೂಡುವುದರಲ್ಲಾಗಲಿ ಕೆಲಸಕ್ಕೆ ಮರಳುವುದರಲ್ಲಾಗಲಿ ಎರಡೂ ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಲೇಸರಿಗೂ ಇದೇ ಗತಿ ಎಂದು ನಾವು ಹೇಳುತ್ತಿಲ್ಲ. ಅಂಥ ದೊಡ್ಡ ಪರೀಕ್ಷೆ ಲೇಸರಿಗೆ ಆಗುವವರೆಗೆ ದಾಗೀನು ಒತ್ತೆಯಿಟ್ಟು ಅದನ್ನು ಕೊಳ್ಳಬೇಡಿರಿ ಎಂದಷ್ಟೇ ಹೇಳುತ್ತಿದ್ದೇವೆ.

ಹಾಗೆಂದು ಈ ಬೆಳಕು ಉಪಯೋಗವಿಲ್ಲದ್ದೂ ಅಲ್ಲ. ಬಾಯಿ, ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುವವರ ಬಾಯಲ್ಲಿ ಏಳುವ ಹುಣ್ಣನ್ನು ತಡೆಯಲು ಇದನ್ನು 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ಶಿಫಾರಸು ಮಾಡಿದೆ. ಪ್ಲಾಸ್ಟರ್ ತೆಗೆದ ನಂತರ ಬಿಗಿದ ಕೀಲಿನ ನೋವು ಕಡಿಮೆ ಮಾಡಿ ವ್ಯಾಯಾಮ ಮಾಡಿಸಲು ಫಿಜಿಯೋಥೆರಪಿಯವರು ಇದನ್ನು ಬಳಸಬಹುದು. ಆಗಲೂ ವ್ಯಾಯಾಮವೇ ಮುಖ್ಯ, ಬೆಳಕು ಅದಕ್ಕೆ ಸಹಾಯಕ.

ಬೆಳಕು ಹಿಡಿಸಿಕೊಳ್ಳುವಾಗ

ವೈದ್ಯರೇ ಹೇಳಿ ಕಳಿಸಿದ್ದರೆ ಹೆದರಬೇಕಾಗಿಲ್ಲ. ಕಣ್ಣಿಗೆ ಕಪ್ಪು ಕನ್ನಡಕ ಹಾಕದೆ ಯಂತ್ರ ಚಾಲೂ ಮಾಡಲು ಬಿಡಬೇಡಿರಿ. ಜೊತೆಗೆ ನಿಂತವರಿಗೂ ಕನ್ನಡಕ ಬೇಕು. ಅವಕೆಂಪು ಬೆಳಕು ಕಾಣುವುದಿಲ್ಲವೆಂದು ಹತ್ತಿರ ಹೋಗಿ ನೋಡುವ ಚಿಕ್ಕ ಮಕ್ಕಳನ್ನು ಹೊರಗೇ ಕೂರಿಸಿರಿ. ಹಿಂದೆ ಕ್ಯಾನ್ಸರ್ ಆಗಿದ್ದರೆ ಅಥವಾ ಆ ಜಾಗದಲ್ಲಿ ಗೊತ್ತಿಲ್ಲದ ಗಡ್ಡೆ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಬೇಕು. ಬಿಸಿಲಿಗೆ ಚರ್ಮ ಕೆಂಪಾಗಿಸುವ ಡಾಕ್ಸಿಸೈಕ್ಲಿನ್‌ನಂಥ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು.

ಕಾಲಿನಲ್ಲಿ ರಾಡು, ಪ್ಲೇಟು ಇದ್ದವರು ಲೇಸರಿಗೆ ಅಂಜುತ್ತಾರೆ. ಕಡಿಮೆ ಶಕ್ತಿಯ ಲೇಸರಿನಿಂದ ಒಳಗಿನ ಲೋಹ ಕಾಯುವುದಿಲ್ಲ. ಆದರೆ ‘ಶಾರ್ಟ್ ವೇವ್ ಡಯಾಥರ್ಮಿ’ ಎಂಬ ಇನ್ನೊಂದು ಶಾಖದ ಯಂತ್ರವಿದೆ. ಅದು ಲೋಹವಿರುವ ಜಾಗಕ್ಕೆ ಕೂಡದು, ಒಳಗಿನ ಮಾಂಸ ಸುಡುತ್ತದೆ. ಎರಡನ್ನೂ ಜನ ‘ಕರೆಂಟ್ ಹಿಡಿಯೋದು’ ಎಂದೇ ಕರೆಯುತ್ತಾರೆ. ಆದ್ದರಿಂದ ಯಾವ ಕೇಂದ್ರಕ್ಕೆ ಹೋದರೂ “ನನ್ನ ಕಾಲಾಗ ರಾಡ್ ಐತ್ರಿ” ಎಂದು ಮೊದಲು ತಿಳಿಸಿರಿ.

ಖರ್ಚಿಲ್ಲದೆ ಗೌಂಡಿ ಕೋಶಕ್ಕೆ ಸಹಾಯ

ಲೇಸರಿಗಿಂತ ಖಾತ್ರಿಯಾದ ಉಪಾಯಗಳು ನಿಮ್ಮ ಕೈಯಲ್ಲೇ ಇವೆ. ಮೊದಲನೆಯದು ಬೀಡಿ ಬಿಡುವುದು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ರಕ್ತ ಬರದಿದ್ದರೆ ಗೌಂಡಿಗೆ ಇಟ್ಟಿಗೆಯೂ ಇಲ್ಲ ಕೂಲಿಯೂ ಇಲ್ಲ. ತಂಬಾಕು-ಸುಣ್ಣ ತಿಕ್ಕಿ ಬಾಯಲ್ಲಿಡುವವರು, ಗುಟ್ಕಾ ತಿನ್ನುವವರು ನಾವು ಬೀಡಿ ಸೇದುವುದಿಲ್ಲವೆಂದು ಸಮಾಧಾನ ಪಡಬಾರದು, ಅದರಲ್ಲೂ ಅದೇ ನಿಕೋಟಿನ್ ಇದೆ. ಆಸ್ಪತ್ರೆಯ ಹಿಂದಿನ ಗೋಡೆಯ ಬಳಿ ಪ್ಲಾಸ್ಟರ್ ಕಾಲು ಚಾಚಿ ಬೀಡಿ ಹಚ್ಚುವವರನ್ನು ನಾವು ದಿನಾ ನೋಡುತ್ತೇವೆ. ಅವರಿಗೇ ಈ ಮಾತು. ಸಕ್ಕರೆ ಕಾಯಿಲೆ ಇದ್ದವರ ಎಲುಬೂ ನಿಧಾನವಾಗಿ ಕೂಡುತ್ತದೆ, ಗುಳಿಗೆ ತಪ್ಪಿಸಬಾರದು.

ಎರಡನೆಯದು ಊಟ. ಎಲುಬು ಮುರಿದವರಿಗೆ ಹಾಲು, ಮೊಸರು, ಬೇಳೆ ಕೊಡಬಾರದು, ಕೀವಾಗುತ್ತದೆ ಎಂದು ಪಥ್ಯ ಹಿಡಿಸುವ ರೂಢಿ ಇನ್ನೂ ಇದೆ. ಇದು ತಪ್ಪು, ಎಲುಬಿಗೆ ಬೇಕಾದದ್ದನ್ನೇ ಕಸಿದಂತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 200 ಮಿಲಿಲೀಟರಿನ ಒಂದು ಲೋಟ ಆಕಳ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇರುತ್ತದೆ. ನಮ್ಮ ಜೋಳದ ರೊಟ್ಟಿ ಶಕ್ತಿ ಕೊಡುತ್ತದೆ, ಆದರೆ ಅದರಲ್ಲಿ ಕ್ಯಾಲ್ಸಿಯಂ ಕಡಿಮೆ. ರೊಟ್ಟಿಯ ಜೊತೆ ಎಳ್ಳಿನ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಮೆಂತೆ ಪಲ್ಯ, ನುಗ್ಗೆಸೊಪ್ಪು ಇದ್ದರೆ ಆ ಕೊರತೆ ಬಹಳಷ್ಟು ತುಂಬುತ್ತದೆ. ಕ್ಯಾಲಸಿನ ಬುನಾದಿ ಪ್ರೋಟೀನಿನದು, ಆದ್ದರಿಂದ ತೊಗರಿಬೇಳೆ, ಹೆಸರು, ಕಡಲೆ, ಶೇಂಗಾ ದಿನಾ ಇರಲಿ. ರೂಢಿ ಇದ್ದವರು ತತ್ತಿ ತಿನ್ನಬಹುದು. ಕ್ಯಾಲ್ಸಿಯಂ ಮೈಗೆ ಹತ್ತಲು ‘ಡಿ’ ಜೀವಸತ್ವ ಬೇಕು, ಅದು ಬಿಸಿಲಿನಿಂದ ಬರುತ್ತದೆ. ವಿಜಯಪುರ ಜಿಲ್ಲೆಯಲ್ಲಿ ಬಿಸಿಲಿಗೆ ಬರವಿಲ್ಲ, ಆದರೂ ಒಳಗೇ ಮಲಗಿದ ರೋಗಿಗೆ ಅದು ಸಿಗುವುದಿಲ್ಲ. ದಿನಕ್ಕೆ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ತಾಗುವಂತೆ ಅಂಗಳದಲ್ಲಿ ಕೂರಿಸಿರಿ. ಈ ಬೆಳಕಿಗೆ ಬಿಲ್ಲು ಇಲ್ಲ.

ನಮ್ಮ ಭಾಗದ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದಾಗುತ್ತದೆ, ಅದಕ್ಕಿಂತ ಬಹಳ ಹೆಚ್ಚಿದ್ದರೆ ಎಲುಬು ಎಕ್ಸ್‌ರೇಯಲ್ಲಿ ದಪ್ಪಗೆ ಕಂಡರೂ ಒಳಗೆ ಪೆಡಸಾಗಿ ಬೇಗ ಮುರಿಯುತ್ತದೆ. ಮನೆಯಲ್ಲಿ ಹಲವರಿಗೆ ಹಲ್ಲಿನ ಮೇಲೆ ಕಂದು ಪಟ್ಟೆ, ಬೆನ್ನು ಬಿಗಿತ ಇದ್ದರೆ ವೈದ್ಯರಿಗೆ ಹೇಳಿರಿ.

ಮೂರನೆಯದು ಎಣ್ಣೆ ಹಚ್ಚಿ ತಿಕ್ಕುವುದು. ಹೊಸದಾಗಿ ಮುರಿದ ಎಲುಬನ್ನು, ಅದರಲ್ಲೂ ಮಕ್ಕಳ ಮೊಣಕೈಯನ್ನು, ತಿಕ್ಕಿದರೆ ಮಾಂಸದಲ್ಲೇ ಎಲುಬು ಬೆಳೆದು ಕೀಲು ಮಡಚದಂತಾಗಬಹುದು. ಇಲ್ಲಿ ಗೌಂಡಿ ಕೋಶಗಳು ಬೇಡವಾದ ಜಾಗದಲ್ಲಿ ಗೋಡೆ ಕಟ್ಟಿದಂತೆ. ಬಿದಿರಿನ ದಬ್ಬೆ ಬಿಗಿದು ಕಟ್ಟಿಸಿಕೊಂಡು ಬೆರಳು ಕಪ್ಪಾಗಿ ಬಂದವರ ಕೈ ಉಳಿಸಲು ಆಗದ ಸಂದರ್ಭಗಳೂ ಇವೆ. ಊರಿನ ಹಿರಿಯರ ಮೇಲಿನ ಗೌರವ ಬೇರೆ, ಬಿಗಿದ ಕಟ್ಟು ಬೇರೆ.

ನಾವು ಹಾಕಿದ ಪ್ಲಾಸ್ಟರಿಗೂ ಇದೇ ಮಾತು ಅನ್ವಯಿಸುತ್ತದೆ. ಬೆರಳು ಬಾತು ನೀಲಿ ಅಥವಾ ಬಿಳುಪಾದರೆ, ಜುಮ್ಮೆಂದು ಮರಗಟ್ಟಿದರೆ, ಬೆರಳನ್ನು ಬೇರೆಯವರು ಮೆಲ್ಲನೆ ಚಾಚಿದಾಗ ತಡೆಯಲಾರದ ನೋವಾದರೆ ಬೆಳಗಾಗುವವರೆಗೆ ಕಾಯಬೇಡಿರಿ. ರಾತ್ರಿ ಎಷ್ಟು ಹೊತ್ತಾಗಿದ್ದರೂ ತುರ್ತು ವಿಭಾಗಕ್ಕೆ ಬರಬೇಕು. ದೂರದ ಊರಿನವರು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಪಟ್ಟಿ ಸಡಿಲಿಸಿಕೊಳ್ಳಿರಿ, ಆಮೇಲೆ ಇಲ್ಲಿಗೆ ಬನ್ನಿರಿ.

ಹೇಳಿದ ದಿನಕ್ಕೆ ಮರುಪರೀಕ್ಷೆಗೆ ಬರುವಾಗ ಹಿಂದಿನ ಎಲ್ಲ ಎಕ್ಸ್‌ರೇ ಫಿಲ್ಮುಗಳನ್ನು ಮಡಚದೆ ತರಬೇಕು. ಹೊಸದನ್ನು ಹಳೆಯದರ ಪಕ್ಕಕ್ಕೆ ಹಿಡಿದು ನೋಡಿದಾಗಲೇ ಕ್ಯಾಲಸ್ ಎಷ್ಟು ಕಟ್ಟಿದೆ ಎಂಬುದು ತಿಳಿಯುತ್ತದೆ. ಬೇರೆ ಕಡೆ ಬೆಳಕಿನ ಚಿಕಿತ್ಸೆ ಆಗಲೇ ತೆಗೆದುಕೊಂಡಿದ್ದರೆ ಮುಚ್ಚಿಡದೆ ಹೇಳಿರಿ, ಯಾರೂ ಬಯ್ಯುವುದಿಲ್ಲ. ಎಷ್ಟು ದಿನ ಹಿಡಿಸಿದಿರಿ, ಆಗ ಪ್ಲಾಸ್ಟರ್ ತೆಗೆಸಿದ್ದಿರೋ ಇಲ್ಲವೋ ಎಂಬುದು ಮುಂದಿನ ಚಿಕಿತ್ಸೆ ನಿರ್ಧರಿಸಲು ವೈದ್ಯರಿಗೆ ಬೇಕಾಗುತ್ತದೆ.